ನಾಲ್ಕು ಪಿಕೋಸೆಕೆಂಡಿನ ಅನುಮಾನ

ಪರದೆಯ ಮೇಲೆ ನಾಲ್ಕು ಎಂಬ ಅಂಕೆ ಬಂದು ನಿಂತಾಗ ಅವಳಿಗೆ ಮೊದಲು ಅನ್ನಿಸಿದ್ದು, ಇವನು ಕಳ್ಳ ಎಂದು. ಎರಡನೆಯದಾಗಿ ಅನ್ನಿಸಿದ್ದು, ಕಳ್ಳನಿಗೆ ದೇವರು ಇಷ್ಟು ಚೆಂದದ ಕಣ್ಣು ಯಾಕೆ ಕೊಟ್ಟ ಎಂದು. ಎರಡನೆಯದನ್ನು ಅವಳು ಯಾರಿಗೂ ಹೇಳಲಿಲ್ಲ. ಮೊದಲನೆಯದನ್ನು ಲ್ಯಾಬಿನ ಭಾಷೆಗೆ ತಿರುಗಿಸಿ, "ಫಲಿತಾಂಶ ನಂಬುವಂತಿಲ್ಲ" ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು.

"ಎಷ್ಟು ಬಂತು ಮೇಡಂ?" ಮೇಜಿನ ಆಚೆ ಬದಿಯಿಂದ ಅವನು ಕೇಳಿದ.

"ನೋಡ್ತಾ ಇದೀನಿ," ಎಂದು ಪರದೆಯನ್ನು ಸ್ವಲ್ಪ ತನ್ನ ಕಡೆಗೆ ತಿರುಗಿಸಿಕೊಂಡಳು.

ಅದು ಅಳೆಯುವ ಯಂತ್ರಗಳನ್ನೇ ಅಳೆಯುವ ಲ್ಯಾಬು. ಬೇರೆಯವರು ತಯಾರಿಸಿ ತಂದ, ಸಮಯ ಎಣಿಸುವ ಕೌಂಟರುಗಳು, ಸರ್ಕೀಟು ಬೋರ್ಡುಗಳು ತಾವು ಹೇಳಿಕೊಂಡಷ್ಟು ನಿಖರವೇ ಎಂದು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ಜಾಗ. ಒಂಬತ್ತು ವರ್ಷದಿಂದ ಅವಳು ಅಲ್ಲಿ ಪರೀಕ್ಷಕಿ. ಯಾವ ಕಂಪನಿಯವರು ಎಷ್ಟು ನಯವಾಗಿ ಮಾತಾಡಿದರೂ ಅವಳು ಮೂರು ಸಲ ಅಳೆಯದೆ ಒಂದು ಅಂಕೆಯನ್ನೂ ಒಪ್ಪುತ್ತಿರಲಿಲ್ಲ. ಹಾಗಾಗಿ ಬರುವವರೆಲ್ಲ ಅವಳ ಬೆನ್ನ ಹಿಂದೆ ಅವಳನ್ನು ಸಂಶಯದೇವಿ ಎಂದು ಕರೆಯುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ಬೇಸರವೇನೂ ಆಗಿರಲಿಲ್ಲ.

ಈ ಬೋರ್ಡಿನವನು ಬಂದದ್ದು ಅಂದೇ, ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಅವನ ಬೋರ್ಡಿನ ಕೆಲಸ ಇಷ್ಟೇ: ಒಂದು ಪಲ್ಸ್, ಎಂದರೆ ವಿದ್ಯುತ್ತಿನ ಒಂದು ಮಿಡಿತ, ಬಂತು, ಇನ್ನೊಂದು ಬಂತು, ಎರಡರ ನಡುವೆ ಎಷ್ಟು ಹೊತ್ತಾಯಿತು ಎಂದು ಹೇಳುವುದು. ಸೇತುವೆಯ ಅಡಿಯಲ್ಲಿ ಇಡುವ ಲೇಸರ್ ಯಂತ್ರದೊಳಗೆ ಅದು ಕೂರಬೇಕಿತ್ತು. ಬೆಳಕು ಹೋಗಿ ತಿರುಗಿ ಬರುವ ಹೊತ್ತನ್ನು ಅಳೆದರೆ ಸೇತುವೆ ಬೆರಳಿನ ದಪ್ಪದಷ್ಟು ಜಗ್ಗಿದರೂ ಗೊತ್ತಾಗುತ್ತದೆ. ಆದರೆ ಆ ಹೊತ್ತನ್ನು ಪಿಕೋಸೆಕೆಂಡಿನಲ್ಲಿ ಎಣಿಸಬೇಕು. ಒಂದು ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿದರೆ ಒಂದು ಚೂರು ಒಂದು ಪಿಕೋಸೆಕೆಂಡು. ಒಂದು ಸಾಸಿವೆ ಕಾಳಿನ ಈ ಬದಿಯಿಂದ ಆ ಬದಿಗೆ ಹೋಗಲು ಬೆಳಕಿಗೂ ಅಂಥ ಐದು ಚೂರು ಬೇಕು.

ಎಂಥ ಒಳ್ಳೆಯ ಬೋರ್ಡಿಗೂ ಸ್ವಲ್ಪ ಕೈನಡುಕ ಇರುತ್ತದೆ. ಒಂದೇ ಅಂತರವನ್ನು ಹತ್ತು ಸಾವಿರ ಸಲ ಅಳೆಸಿದರೆ ಉತ್ತರಗಳು ಅತ್ತಿತ್ತ ಹರಡುತ್ತವೆ. ಆ ಹರವನ್ನೇ ಇವರು ಜಿಟ್ಟರ್ ಎನ್ನುತ್ತಾರೆ. ತನ್ನ ಬೋರ್ಡಿನ ಜಿಟ್ಟರ್ ಇಪ್ಪತ್ತು ಪಿಕೋಸೆಕೆಂಡಿನೊಳಗೆ ಇದೆ ಎಂದು ಅವನು ಅರ್ಜಿಯಲ್ಲಿ ಬರೆದುಕೊಟ್ಟಿದ್ದ. ಪರದೆಯ ಮೇಲೆ ಬಂದದ್ದು ನಾಲ್ಕು, ಇಂಥ ಬೋರ್ಡಿಗೆ ಸಾಧ್ಯವೇ ಇಲ್ಲದಷ್ಟು ಒಳ್ಳೆಯ ಅಂಕೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಐದು ವರ್ಷದ ಹಿಂದೆ ಇನ್ನೊಬ್ಬ ಬಂದಿದ್ದ. ಅವನೂ ಎಂಜಿನಿಯರು, ಅವನೂ ಮೆಲುದನಿಯವನು. ಮೂರು ತಿಂಗಳಲ್ಲಿ ಮದುವೆಯ ಮಾತಿನವರೆಗೂ ಬಂದ. "ತುರ್ತಿದೆ, ಎರಡನೇ ಸುತ್ತು ಬಿಟ್ಟುಬಿಡು, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದ. ಅವಳು ನಂಬಿದಳು, ಸಹಿ ಹಾಕಿದಳು. ಯಂತ್ರ ಎರಡೇ ವಾರದಲ್ಲಿ ತಪ್ಪು ಹೇಳಿತು. ಅಷ್ಟರಲ್ಲಿ ಅವನು ಬೇರೆ ಊರು, ಬೇರೆ ಕೆಲಸ, ಬೇರೆ ಹುಡುಗಿ ಹಿಡಿದಾಗಿತ್ತು. ಲ್ಯಾಬಿನಲ್ಲಿ ತಲೆ ತಗ್ಗಿಸಿ ನಿಂತವಳು ಇವಳೊಬ್ಬಳೇ. ಅಂದಿನಿಂದ ಅವಳು ಮನುಷ್ಯರನ್ನು ನಂಬುವ ಕೆಲಸವನ್ನೇ ಬಿಟ್ಟಿದ್ದಳು. ಇನ್ನೊಮ್ಮೆ ಮೋಸ ಹೋದರೆ ಎದ್ದು ನಿಲ್ಲುವ ಶಕ್ತಿ ತನಗಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟಾದರೂ ಸೋಮವಾರ ಅವಳು ನಕ್ಕಿದ್ದಳು. ಅದೇ ಅವಳನ್ನು ಕೊರೆಯುತ್ತಿತ್ತು.

ಅವನು ಬೋರ್ಡನ್ನು ಸ್ವೆಟರಿನಲ್ಲಿ ಸುತ್ತಿಕೊಂಡು ಬಂದಿದ್ದ. ಉಣ್ಣೆಯ ಬಟ್ಟೆಯಲ್ಲಿ ಹುಟ್ಟುವ ಸ್ಥಿರವಿದ್ಯುತ್ತು ತಾಗಿದರೆ ಬೋರ್ಡು ಸುಡುತ್ತದೆ, ಅಷ್ಟೂ ಗೊತ್ತಿಲ್ಲವೇ ಎಂದು ಅವಳು ಬಾಯಿ ತೆರೆಯುವ ಮೊದಲೇ ಅವನು ಸ್ವೆಟರು ಬಿಚ್ಚಿ ಒಳಗಿನ ಡಬ್ಬಿ ತೋರಿಸಿದ, ಡಬ್ಬಿ ತೆರೆದು ಒಳಗಿನ ಬೆಳ್ಳಿ ಬಣ್ಣದ ಚೀಲ ತೋರಿಸಿದ.

"ಕೊರಿಯರಲ್ಲಿ ಕಳಿಸಬಹುದಿತ್ತಲ್ಲ?" ಎಂದಿದ್ದಳು.

"ಅವರು ಎತ್ತಿ ಎಸೀತಾರೆ ಮೇಡಂ. ಮೂರು ವರ್ಷ ಸಾಕಿದೀನಿ ಇದನ್ನ."

ಮಧ್ಯಾಹ್ನದವರೆಗೆ ನಿಖರತೆಯ ಪರೀಕ್ಷೆ ನಡೆಯಿತು. ಬೋರ್ಡು ಸರಾಸರಿಯಲ್ಲಿ ಸರಿಯಾದ ಉತ್ತರ ಕೊಡುತ್ತದೆಯೇ ಎಂಬುದು ಅದು. ಅದರಲ್ಲಿ ಬೋರ್ಡು ಸಲೀಸಾಗಿ ಪಾಸಾಯಿತು. ಊಟವಾದ ಮೇಲೆ ಜಿಟ್ಟರ್ ಪರೀಕ್ಷೆಗೆ ಸಿದ್ಧತೆ ಶುರುವಾಯಿತು. ಲ್ಯಾಬಿನಲ್ಲಿ ಪ್ರತಿ ಪರೀಕ್ಷೆಗೂ ಹದಿನಾಲ್ಕು ಹಂತದ ಒಂದು ಹಾಳೆ ಇರುತ್ತದೆ. ಒಂದೊಂದು ಹಂತ ಮುಗಿದಂತೆ ಪಕ್ಕದ ಚೌಕದಲ್ಲಿ ಟಿಕ್ ಹಾಕುತ್ತ ಹೋಗಬೇಕು. ಅವಳು ಏಳನೇ ಹಂತಕ್ಕೆ ಪೆನ್ನು ಇಟ್ಟಿದ್ದಾಗ ಅವನು ಯಂತ್ರಗಳನ್ನು ಜೋಡಿಸಿದ್ದ ರ್‍ಯಾಕಿನ ಬದಿಯಲ್ಲಿ ಬಗ್ಗಿ ಏನನ್ನೋ ಓದುತ್ತಿದ್ದ.

"ಮೇಡಂ, ಈ ಕೈಬರಹ ಯಾರದು?"

ಅಲ್ಲಿದ್ದ ಕೇಬಲುಗಳಿಗೆಲ್ಲ ಒಂದೊಂದು ಚೀಟಿ ಕಟ್ಟಿತ್ತು. ಹೊಸದಾಗಿ ಬಂದವರು ಕಂಡಕಂಡದ್ದನ್ನು ಜಗ್ಗುತ್ತಾರೆಂದು ಸಿಟ್ಟು ಬಂದ ಒಂದು ದಿನ ಅವಳೇ ಕೂತು ಬರೆದದ್ದು.

"'ಎಳೆಯಬೇಡಿ, ನಾನು ನಿಮ್ಮ ತಮ್ಮನ ಕಿವಿಯಲ್ಲ,'" ಅವನು ಗಂಭೀರವಾಗಿ ಓದಿದ. "'ನನ್ನನ್ನು ಮಡಚಿದರೆ ನಿಮ್ಮ ಸಂಬಳವನ್ನೂ ಮಡಚಲಾಗುವುದು.' ಇದು ಸರ್ಕಾರಿ ಆದೇಶನಾ ಮೇಡಂ?"

ಅವಳು ಅವನನ್ನು ನೋಡಿದಳು. ಅವನ ಮುಖದಲ್ಲಿ ನಗು ಇರಲಿಲ್ಲ, ಕಣ್ಣಲ್ಲಿ ಮಾತ್ರ ಇತ್ತು. ತಡೆಯಲಾಗದೆ ಅವಳು ನಕ್ಕುಬಿಟ್ಟಳು. ತನ್ನ ನಗು ತನಗೇ ಹೊಸದಾಗಿ ಕೇಳಿಸಿತು. ನಗುತ್ತಲೇ ಹಾಳೆಯ ಮೇಲೆ ಟಿಕ್ ಹಾಕಿ ಎಂಟನೇ ಹಂತಕ್ಕೆ ಹೋದಳು.

ಅದಾಗಿ ಒಂದು ಗಂಟೆಗೆ ನಾಲ್ಕು ಬಂತು.

ಮಂಗಳವಾರ ಮತ್ತೆ ಅಳೆದಳು, ನಾಲ್ಕು. ಬುಧವಾರ ಅಳೆದಳು, ನಾಲ್ಕು. ಜೋಡಿಸಿದ್ದ ಒಂದು ತಂತಿಯನ್ನೂ ಅವಳು ಕದಲಿಸಲಿಲ್ಲ. ಕಳ್ಳತನವಾದ ಮನೆಯಲ್ಲಿ ಪೊಲೀಸರು ಬರುವವರೆಗೆ ಏನನ್ನೂ ಮುಟ್ಟಬಾರದಲ್ಲ, ಹಾಗೆ. ಬೋರ್ಡಿನೊಳಗೆ ಯಾವುದೋ ಕಳ್ಳ ಪ್ರೋಗ್ರಾಮು ಇದೆ, ಹತ್ತು ಅಳತೆಯನ್ನು ಸೇರಿಸಿ ಸವರಿ ಒಂದು ಮಾಡಿ ಹೊರಗೆ ಬಿಡುತ್ತಿದೆ, ಹಾಗಾಗಿ ನಡುಕ ಕಾಣುತ್ತಿಲ್ಲ ಎಂಬುದು ಅವಳ ಲೆಕ್ಕ.

ಒಂದು ಸಲ ಅನುಮಾನ ಹೊಕ್ಕಿತೆಂದರೆ ಮುಗಿಯಿತು, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನು ದಿನಾ ಬರುವ ಅಗತ್ಯವಿರಲಿಲ್ಲ, ಆದರೂ ಬರುತ್ತಿದ್ದ. ಯಾಕೆ? ಅವಳು ಚಹಾ ಕುಡಿಯುವ ಹೊತ್ತಿಗೆ ಸರಿಯಾಗಿ ಎರಡು ಲೋಟ ಹಿಡಿದು ನಿಲ್ಲುತ್ತಿದ್ದ. ಯಾಕೆ? ಅವಳು ಗದರಿದರೆ "ಸರಿ ಮೇಡಂ" ಎನ್ನುತ್ತಿದ್ದ, ಗದರದಿದ್ದರೂ "ಸರಿ ಮೇಡಂ" ಎನ್ನುತ್ತಿದ್ದ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಮಂಗಳವಾರ ಅವಳು ಫೈಲು ತರಲು ಹೋಗಿ ಬಂದಾಗ ಅವನು ರ್‍ಯಾಕಿನ ಹಿಂದೆ ನಿಂತಿದ್ದ.

"ಅಲ್ಲೇನು ಕೆಲಸ?"

"ಏನಿಲ್ಲ ಮೇಡಂ," ಎಂದು ಅವನು ಸಣ್ಣ ಹುಡುಗನ ಹಾಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನನ್ನು ಅವಳು ಅಂದು ಕಣ್ಣಾರೆ ಕಂಡಳು.

ಬುಧವಾರ ಇನ್ನೂ ದೊಡ್ಡದೊಂದು ಸಿಕ್ಕಿತು. ಮೆಟ್ಟಿಲ ಬಳಿ ಅವನು ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಅವಳು ಬಾಗಿಲ ಈಚೆ ಉಸಿರು ಹಿಡಿದು ನಿಂತಳು. ಕದ್ದು ಕೇಳುವುದು ತಪ್ಪೆಂದು ಗೊತ್ತಿತ್ತು. ಗೊತ್ತಿದ್ದೂ ನಿಂತಳು.

"ಭಾವ, ನಿಜ ಹೇಳು. ಒಳಗೆ ಏನಾದ್ರೂ ಸೇರಿಸಿದೀಯಾ? ಅವರಿಗೆ ಗೊತ್ತಾಗೋ ಮುಂಚೆ ನನಗೆ ಹೇಳಿಬಿಡು."

ಅವಳು ಸದ್ದಾಗದಂತೆ ಲ್ಯಾಬಿಗೆ ಮರಳಿದಳು. ತನ್ನ ಅನುಮಾನ ಗೆದ್ದ ಖುಷಿ ಆಗಬೇಕಿತ್ತು, ಆಗಲಿಲ್ಲ. 

ಸಂಜೆ ಅಡುಗೆಮನೆಯಲ್ಲಿ ಅತ್ತಿಗೆಯ ಎದುರು ಕೂತು ತರಕಾರಿ ಹೆಚ್ಚುತ್ತ ಎಲ್ಲವನ್ನೂ ಕಕ್ಕಿದಳು. ಅಣ್ಣನ ಮನೆಯಲ್ಲೇ ಅವಳ ವಾಸ. ಅಣ್ಣ ಮಾತು ಕಡಿಮೆಯವನು, ಆ ಕೊರತೆಯನ್ನು ಅತ್ತಿಗೆ ತುಂಬಿಕೊಡುತ್ತಿದ್ದಳು.

"ಸೋಮವಾರದಿಂದ ನಿನ್ನ ಬಾಯಲ್ಲಿ ಅವನೊಬ್ಬನದೇ ಸುದ್ದಿ," ಎಂದಳು ಅತ್ತಿಗೆ.

"ದೂರು ಹೇಳ್ತಿದೀನಿ, ಅತ್ತಿಗೆ."

"ಹೂಂ. ನಿಮ್ಮಣ್ಣನ ಮೇಲೆ ನಾನು ಶುರು ಮಾಡಿದ್ದೂ ದೂರಿನಿಂದಾನೇ. ಕಳ್ಳ ಏನು ಬಣ್ಣದ ಶರ್ಟು ಹಾಕಿದ್ದ ಇವತ್ತು?"

"ನೀಲಿ," ಎಂದು ಬಾಯಿಗೆ ಬಂದುಬಿಟ್ಟಿತು. ಅತ್ತಿಗೆ ತಲೆ ಎತ್ತಲೂ ಇಲ್ಲ, ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ.

"ನಿನ್ನೆ?"

ಅವಳು ಉತ್ತರ ಹೇಳದೆ ಎದ್ದುಹೋದಳು. ನಿನ್ನೆಯದು ಬೂದು ಬಣ್ಣ, ತೋಳಿನ ಒಂದು ಗುಂಡಿ ಇರಲಿಲ್ಲ.

ಗುರುವಾರ ಅವನನ್ನೇ ನೇರವಾಗಿ ಕೇಳಿದಳು. ಚಹಾದ ಲೋಟವನ್ನು ಮುಟ್ಟದೆ ಪಕ್ಕಕ್ಕೆ ಸರಿಸಿ, "ನಿಮ್ಮ ಭಾವ ಒಳಗೆ ಏನು ಸೇರಿಸಿದಾರೆ?" ಎಂದಳು.

ಅವನು ಗಾಬರಿಯಾಗಲಿಲ್ಲ. ದಣಿದವನಂತೆ ಕುರ್ಚಿ ಎಳೆದು ಕೂತ. "ನೀವು ಕೇಳಿಸಿಕೊಂಡ್ರಾ. ಒಳ್ಳೇದೇ ಆಯ್ತು. ನನಗೂ ಅದೇ ಅನುಮಾನ ಮೇಡಂ. ನನ್ನ ಬೋರ್ಡು ನಾಲ್ಕು ಕೊಡೋ ಬೋರ್ಡಲ್ಲ, ಹದಿನೇಳೋ ಹದಿನೆಂಟೋ ಕೊಡತ್ತೆ ಅಷ್ಟೇ. ಭಾವ ನನ್ನ ಪಾಲುದಾರ, ಪ್ರೋಗ್ರಾಮು ಬರೆಯೋನು ಅವನೇ. ನನಗೆ ಹೇಳದೆ ಏನಾದ್ರೂ ಸವರೋದು ಹಾಕಿದಾನೇನೋ ಅಂತ ಕೇಳಿದೆ. ಇಲ್ಲ ಅಂತಾನೆ. ಅವನಿಗೆ ನಿಮ್ಮ ಲ್ಯಾಬಿನ ಮೇಲೇ ಅನುಮಾನ."

"ಸುಲಭವಾಗಿ ಹೇಳ್ತೀರಿ."

"ಪೂರ್ತಿ ಪ್ರೋಗ್ರಾಮು ತಂದಿದೀನಿ. ಕೂತು ಓದೋಣ."

ಓದಿದರು. ಒಂದೇ ಪರದೆ, ಎರಡು ಕುರ್ಚಿ. ಅವಳು ಕುರ್ಚಿಯನ್ನು ಒಂದು ಗೇಣು ದೂರ ಇಟ್ಟಿದ್ದಳು. ಅಕ್ಷರ ಸಣ್ಣದಾಗಿತ್ತು, ಬಗ್ಗಿ ನೋಡಬೇಕಾಯಿತು. ಅವನು ಬೆರಳು ತೋರಿಸುತ್ತ ಒಂದೊಂದೇ ಸಾಲನ್ನು ವಿವರಿಸಿದ, ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದ. ಅವನ ಕೈಗಡಿಯಾರ ಏಳು ನಿಮಿಷ ಹಿಂದಿತ್ತು. ಪಿಕೋಸೆಕೆಂಡು ಎಣಿಸುವವನ ಗಡಿಯಾರ ಏಳು ನಿಮಿಷ ಹಿಂದಿರುವುದು ಅವಳಿಗೆ ನಗು ತರಿಸಬೇಕಿತ್ತು. ಅವಳು ಅದನ್ನೂ ಅನುಮಾನದ ಪಟ್ಟಿಗೆ ಸೇರಿಸಿದಳು.

ಸಂಜೆಯಾದರೂ ಸವರುವ ಸಾಲು ಒಂದೂ ಸಿಗಲಿಲ್ಲ. ಅವಳು ವರದಿಯಲ್ಲಿ "ಸಂಶಯಾಸ್ಪದ" ಎಂದು ಬರೆದು ದೊಡ್ಡಮೇಡಂ ಮೇಜಿಗೆ ಒಯ್ದಳು. ದೊಡ್ಡಮೇಡಂ ಎಂದರೆ ಲ್ಯಾಬಿನ ಮುಖ್ಯಸ್ಥೆ. ಕೂದಲು ಬಿಳಿ, ಮಾತು ಒಣ, ಕನ್ನಡಕ ಮೂಗಿನ ತುದಿಯಲ್ಲಿ. ಅವರು ವರದಿಯನ್ನು ಎರಡು ಸಲ ಓದಿ ಕೆಳಗಿಟ್ಟರು.

"ಇಪ್ಪತ್ತು ಅಂತ ಬರೆದುಕೊಟ್ಟೋನು ಯಾಕಮ್ಮ ಕಷ್ಟಪಟ್ಟು ನಾಲ್ಕು ಮಾಡಿಸ್ತಾನೆ? ಹತ್ತೊಂಬತ್ತು ಮಾಡಿಸಿದ್ರೆ ಯಾರೂ ಕೇಳ್ತಿರಲಿಲ್ಲ."

ಅವಳು ವರದಿಯನ್ನು ವಾಪಸು ಎತ್ತಿಕೊಂಡಳು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಎಲ್ಲಾ ಬಿಚ್ಚು. ಮೊದಲಿಂದ ಜೋಡಿಸು."

ಶುಕ್ರವಾರ ಬೆಳಿಗ್ಗೆ ಅವಳು ಬಿಚ್ಚತೊಡಗಿದಳು. ಅವನು ಗೋಡೆಗೆ ಒರಗಿ ನೋಡುತ್ತಿದ್ದ. ರ್‍ಯಾಕಿನ ಹಿಂದೆ ಕೈ ಹಾಕಿದವಳು ಹಾಗೆಯೇ ನಿಂತುಬಿಟ್ಟಳು. ಅಲ್ಲಿ ಇರಬಾರದ ಕೇಬಲು ಇತ್ತು.

ಲ್ಯಾಬಿನಲ್ಲೊಂದು ದೊಡ್ಡ ಗಡಿಯಾರವಿದೆ. ನಿಖರತೆಯ ಪರೀಕ್ಷೆಗೆ ಅದರ ತಾಳವನ್ನು ಒಂದು ಕೇಬಲಿನ ಮೂಲಕ ಪಲ್ಸ್ ಕೊಡುವ ಯಂತ್ರಕ್ಕೂ ಕೊಡುತ್ತಾರೆ, ಅಳೆಯುವ ಬೋರ್ಡಿಗೂ ಕೊಡುತ್ತಾರೆ. ಜಿಟ್ಟರ್ ಪರೀಕ್ಷೆಯಲ್ಲಿ ಆ ಕೇಬಲನ್ನು ಪಲ್ಸ್ ಯಂತ್ರದಿಂದ ಕಡ್ಡಾಯವಾಗಿ ಬಿಚ್ಚಬೇಕು. ಬಿಚ್ಚದಿದ್ದರೆ ಎರಡೂ ಒಂದೇ ತಾಳಕ್ಕೆ ನಡೆಯುತ್ತವೆ, ಪಲ್ಸು ಪ್ರತಿ ಸಲ ಬೋರ್ಡಿನ ಗಡಿಯಾರದ ಅದೇ ಜಾಗಕ್ಕೆ ಬಂದು ಬೀಳುತ್ತದೆ, ಬೇರೆ ಜಾಗದ ದೋಷಗಳು ಹೊರಗೆ ಬರುವುದೇ ಇಲ್ಲ. ಒಬ್ಬ ಹುಡುಗನಿಗೆ ಒಂದೇ ಪ್ರಶ್ನೆಯನ್ನು ಹತ್ತು ಸಾವಿರ ಸಲ ಕೇಳಿ, ಹತ್ತು ಸಾವಿರ ಸಲವೂ ಸರಿ ಹೇಳಿದ, ಇವನು ಮಹಾಪಂಡಿತ ಎಂದ ಹಾಗೆ. ಕೇಬಲು ಬಿಚ್ಚುವುದೇ ಹಾಳೆಯ ಏಳನೇ ಹಂತ. ಅದರ ಮುಂದೆ ಅವಳ ಟಿಕ್ ಇತ್ತು. ಆದರೆ ಕೇಬಲು ಅಲ್ಲೇ ಇತ್ತು.

ಅವಳು ಅದನ್ನು ಬಿಚ್ಚಿದಳು, ಅಳೆದಳು. ಹದಿನೆಂಟು ಬಂತು.

"ಹದಿನೆಂಟು," ಎಂದು ಅವನು ನೆಮ್ಮದಿಯಿಂದ ಉಸಿರು ಬಿಟ್ಟ. "ಇದು ನನ್ನ ಬೋರ್ಡು."

"ಈ ಕೇಬಲನ್ನ ಮತ್ತೆ ಸಿಕ್ಕಿಸಿದ್ದು ನೀವು," ಎಂದಳು ಅವಳು.

ಅವನು ಅವಳ ಮುಖ ನೋಡಿದ.

"ಸೋಮವಾರ ರ್‍ಯಾಕಿನ ಬದಿಗೆ ಬಗ್ಗಿದ್ದು ನೀವು. ಮಂಗಳವಾರ ಹಿಂದೆ ನಿಂತಿದ್ದು ನೀವು. ಬಿಚ್ಚಿದೀನಿ ಅಂತ ನಾನು ಟಿಕ್ ಹಾಕಿದೀನಿ. ಮತ್ತೆ ತಾನಾಗಿ ಬಂದು ಸೇರಿಕೊಳ್ತಾ ಕೇಬಲು?"

"ನಾನು ಹಿಂದೆ ಹೋಗಿದ್ದು ಚೀಟಿ ಓದೋಕೆ," ಎಂದ ಅವನು ನಿಧಾನವಾಗಿ. "ಮುಂದ್ಗಡೆ ಇದ್ದಿದ್ದೆಲ್ಲ ಓದಿ ಮುಗಿದಿತ್ತು. ನಿಮ್ಮನ್ನ ಇನ್ನೊಂದು ಸಲ ನಗಿಸೋಕೆ ಏನಾದ್ರೂ ಸಿಗತ್ತಾ ಅಂತ ನೋಡ್ತಿದ್ದೆ. ಕೇಬಲು ಮುಟ್ಟಿಲ್ಲ."

"ನಾನು ನಂಬಬೇಕಾ ಇದನ್ನ?"

ಅವನು ಸ್ವೆಟರನ್ನು ಕೈಗೆ ತೆಗೆದುಕೊಂಡ. ಬಾಗಿಲ ತನಕ ಹೋಗಿ ತಿರುಗಿದ.

"ನೀವು ನನ್ನ ಅಳೆದು ಕಳ್ಳ ಅಂದಿದ್ರೆ ಒಪ್ಕೋತಿದ್ದೆ ಮೇಡಂ. ನೀವು ಅಳೀಲೇ ಇಲ್ಲ. ಬಂದ ದಿನಾನೇ ಬರೆದಿಟ್ಕೊಂಡ್ರಿ."

ಅವನು ಹೋದ. ಅವನ ಬೋರ್ಡು ಮೇಜಿನ ಮೇಲೆ ಉಳಿಯಿತು. ತಾನು ಗೆದ್ದೆ ಎಂದು ಅವಳು ಅಂದುಕೊಂಡಳು. 

ಬಿಸಿಬಿಸಿಯಾಗಿಯೇ ದೊಡ್ಡಮೇಡಂ ಬಳಿ ಹೋಗಿ ವಿಷಯ ಹೇಳಿದಳು. ಅವರು ಕನ್ನಡಕದ ಮೇಲಿಂದ ನೋಡಿದರು.

"ಪಲ್ಸ್ ಯಂತ್ರ ತನ್ನ ದಿನಚರಿ ತಾನೇ ಬರ್ಕೊಳತ್ತಲ್ಲ. ಯಾವಾಗ ದೊಡ್ಡ ಗಡಿಯಾರ ಸಿಕ್ತು, ಯಾವಾಗ ಬಿಡ್ತು ಅಂತ. ನೋಡಿದೆಯಾ?"

ನೋಡಿರಲಿಲ್ಲ. ಮೂರು ಸಲ ಅಳೆಯದೆ ಯಾವುದನ್ನೂ ಒಪ್ಪದವಳು ಅದೊಂದನ್ನು ನೋಡಿರಲಿಲ್ಲ.

ದಿನಚರಿಯಲ್ಲಿ ಎರಡೇ ಸಾಲು ಇದ್ದವು. ಸೋಮವಾರ ಬೆಳಿಗ್ಗೆ ಒಂಬತ್ತು ಹನ್ನೆರಡಕ್ಕೆ ಹೊರಗಿನ ತಾಳ ಸಿಕ್ಕಿದೆ. ಶುಕ್ರವಾರ ಹನ್ನೊಂದು ನಲವತ್ತಕ್ಕೆ ಬಿಟ್ಟುಹೋಗಿದೆ. ನಡುವೆ ಒಂದು ಕ್ಷಣವೂ ಕಡಿದಿಲ್ಲ. ಒಂಬತ್ತು ಹನ್ನೆರಡಕ್ಕೆ ಅವನಿನ್ನೂ ಬಂದೇ ಇರಲಿಲ್ಲ. ಅವಳೇ ಬೆಳಗಿನ ಪರೀಕ್ಷೆಗೆಂದು ಸಿಕ್ಕಿಸಿದ್ದಳು. ಅವಳೇ ಬಿಚ್ಚಲು ಮರೆತಿದ್ದಳು. ಮರೆತು, ಅವನ ಕಣ್ಣು ನೋಡಿ ನಗುತ್ತ, ಬಿಚ್ಚಿದೆ ಎಂದು ಟಿಕ್ ಹಾಕಿದ್ದಳು. ಆಮೇಲಿನ ದಿನಗಳಲ್ಲಿ ಯಾವುದನ್ನೂ ಮುಟ್ಟದೆ ಕಾದದ್ದು ತನ್ನದೇ ತಪ್ಪನ್ನು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸಿದವರ ಕಥೆ ಕೇಳಿ ಅವಳು ಎಷ್ಟು ಸಲ ನಕ್ಕಿದ್ದಳೋ. ಈಗ ನಗು ಬರಲಿಲ್ಲ. ಅವನು ಬಾಗಿಲ ಬಳಿ ಆಡಿದ ಮಾತು ಕಿವಿಯಲ್ಲಿ ಕೂತಿತ್ತು. ನೀವು ಅಳೀಲೇ ಇಲ್ಲ. ಅವಳು ಯಂತ್ರದ ಮರೆಯಲ್ಲಿ ಕೂತು ಸದ್ದಿಲ್ಲದೆ ಅತ್ತಳು.

ಲ್ಯಾಬಿನಲ್ಲಿ ತಪ್ಪಾದರೆ ದೋಷ ಪುಸ್ತಕದಲ್ಲಿ ಬರೆಯಬೇಕು. ಏನಾಯಿತು, ಯಾಕಾಯಿತು, ಮತ್ತೆ ಆಗದಂತೆ ಏನು ಕ್ರಮ ಎಂದು ಮೂರು ಕಾಲಂ. ಗ್ರಾಹಕರು ಅದನ್ನು ಓದಿ ಸಹಿ ಹಾಕಿದ ಮೇಲೆಯೇ ಸರ್ಟಿಫಿಕೇಟು ಹೊರಗೆ ಹೋಗುತ್ತದೆ. ಅವಳು "ಯಾಕಾಯಿತು" ಎಂಬಲ್ಲಿ "ಮಾನವ ದೋಷ" ಎಂದು ಬರೆದಳು. ದೊಡ್ಡಮೇಡಂ ಅದನ್ನು ಹೊಡೆದುಹಾಕಿದರು.

"ಮನುಷ್ಯರಲ್ಲದೆ ಇಲ್ಲಿ ಇನ್ಯಾರಿದಾರೆ? ಸರಿಯಾಗಿ ಬರಿ."

"ಗಮನ ಬೇರೆಡೆ ಇದ್ದುದರಿಂದ" ಎಂದು ಬರೆದಳು. ಅದನ್ನೂ ಹೊಡೆದರು.

"ಎಲ್ಲಿತ್ತು ಗಮನ?"

ಅವಳು ಪೆನ್ನಿನ ಮುಚ್ಚಳ ಹಾಕಿದಳು.  ದೊಡ್ಡಮೇಡಂ ಪುಸ್ತಕವನ್ನು ಮುಚ್ಚಿ ಅವಳ ಕೈಗೆ ಕೊಟ್ಟು, "ನನಗೆ ಹೇಳಬೇಡ. ಇದರಲ್ಲಿ ಬರಿ. ಅರ್ಧ ಸತ್ಯ ಬರೆದ್ರೆ ಸಹಿ ಹಾಕಲ್ಲ," ಎಂದರು.

ಮುಂದಿನ ಸೋಮವಾರ ಅವನು ಬೋರ್ಡು ಒಯ್ಯಲು ಬಂದ. ಈ ಸಲ ಚಹಾ ಇರಲಿಲ್ಲ. ನಿಂತೇ ಮಾತಾಡಿದ.

"ಎಲ್ಲಿ ಸಹಿ ಹಾಕಬೇಕು?"

"ಓದಿ ಹಾಕಿ," ಎಂದು ಅವಳು ಪುಸ್ತಕವನ್ನು ಅವನ ಕಡೆ ತಿರುಗಿಸಿದಳು. 

ಅವನು ಓದಿದ. ಹೊಡೆದುಹಾಕಿದ ಎರಡು ಸಾಲುಗಳ ಕೆಳಗೆ ಅವಳ ಅಕ್ಷರ ದುಂಡಗೆ, ಒಂದು ಕಾಟೂ ಇಲ್ಲದೆ ಹೀಗಿತ್ತು:

"ಏಳನೇ ಹಂತದಲ್ಲಿ ಕೇಬಲನ್ನು ಬಿಚ್ಚದೆಯೇ ಬಿಚ್ಚಿದೆ ಎಂದು ಗುರುತು ಹಾಕಿದವಳು ಪರೀಕ್ಷಕಿ. ಆ ಸಮಯದಲ್ಲಿ ಆಕೆ ಗ್ರಾಹಕರನ್ನು ನೋಡುತ್ತಿದ್ದಳು. ಅನಂತರ ಗ್ರಾಹಕರನ್ನು ಅನುಮಾನಿಸಿದ್ದು ಅಂಕೆಯ ಕಾರಣಕ್ಕೆ ಮಾತ್ರವಲ್ಲ. ದಿನವೂ ಹತ್ತು ಗಂಟೆಯಾಗುತ್ತಲೇ ಆಕೆಯ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು. ಹಾಗೆ ಹೋಗುವುದಕ್ಕೆ ಆಕೆ ಹೆದರಿದ್ದಳು. ಕಳ್ಳನೆಂದು ತಿಳಿದರೆ ನೋಡಬೇಕಾಗಿ ಬರುವುದಿಲ್ಲ ಎಂದುಕೊಂಡಳು. ಗ್ರಾಹಕರ ತಪ್ಪು ಏನೂ ಇಲ್ಲ. ಪರೀಕ್ಷಕಿ ಕ್ಷಮೆ ಕೇಳುತ್ತಾಳೆ."

ಅವನು ಎರಡನೇ ಸಲ ಓದಿದ. ಮುಖದಲ್ಲಿ ಏನೂ ಕಾಣಲಿಲ್ಲ.

"ನನ್ನ ಸಹಿ ಸಿಗದಿದ್ರೆ ನಿಮಗೆ ತೊಂದರೆ ಆಗತ್ತೆ, ಅಲ್ವಾ?"

"ಆಗತ್ತೆ."

"ಹಾಗಾದ್ರೆ ಇದು ಸಹಿಗೋಸ್ಕರ ಬರೆದದ್ದು ಅಂತ ನನಗೆ ಅನುಮಾನ ಬಂದ್ರೆ?"

ಅವಳಿಗೆ ಕಣ್ಣು ತುಂಬಿತು. ಇವನು ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಅನುಮಾನವನ್ನು ಅವನಿಗೆ ಕಲಿಸಿದವಳು ಅವಳೇ. ಐದು ವರ್ಷದಿಂದ ಎದುರಿಗೆ ಬಂದವರೆಲ್ಲರ ಹತ್ತಿರ ಅವಳು ಪುರಾವೆ ಕೇಳಿದ್ದಳು. ಈಗ ತನ್ನ ಕೈಯಲ್ಲಿ ಒಂದೂ ಇರಲಿಲ್ಲ.

"ಪುರಾವೆ ಇಲ್ಲ," ಎಂದಳು. "ಅಳೆದು ತೋರಿಸೋಕೆ ಬರಲ್ಲ. ನೀವು ನಂಬಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಸಹಿ ಹಾಕದೇ ಹೋದ್ರೂ ಬರೆದದ್ದು ನಿಜ. ನೀವು ಅಂದ್ರೆ ನನಗೆ ಇಷ್ಟ."

 ಅಲ್ಲಿಯವರೆಗೆ ನಿಂತೇ ಇದ್ದ ಅವನು ಕುರ್ಚಿ ಎಳೆದು ಕೂತ. ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡ.

"ಮೂರನೇ ಕಾಲಂ ಖಾಲಿ ಇದೆಯಲ್ಲ. ಮತ್ತೆ ಆಗದಂತೆ ಏನು ಕ್ರಮ?"

"ಏನು ಬರೀಬೇಕು ಅಂತ ಗೊತ್ತಾಗಲಿಲ್ಲ."

"ಪೆನ್ನು ಕೊಡಿ."

ಅವನು ತಡಮಾಡದೆ ಬರೆದ, ಕೆಳಗೆ ಸಹಿ ಹಾಕಿದ. ಬರೆಯುವಾಗ ಅವನ ಕಣ್ಣಿಗೆ ಆ ಹಳೆಯ ನಗು ಮರಳಿ ಬಂದದ್ದನ್ನು ಅವಳು ನೋಡಿದಳು. ನೋಡುವುದನ್ನು ಅವನು ನೋಡಿದ. ಅವಳು ಕಣ್ಣು ಬೇರೆಡೆ ತಿರುಗಿಸಲಿಲ್ಲ.

ಪುಸ್ತಕ ಕೊಂಡೊಯ್ಯಲು ದೊಡ್ಡಮೇಡಂ ತಾವೇ ಬಂದರು. ಕನ್ನಡಕ ಏರಿಸಿ, ಅವನು ಬರೆದದ್ದನ್ನು ಕಚೇರಿಯ ದನಿಯಲ್ಲಿ ಓದಿದರು.

"'ಇನ್ನು ಮುಂದೆ ಈ ಗ್ರಾಹಕರ ಬೋರ್ಡುಗಳನ್ನು ಬೇರೆ ಪರೀಕ್ಷಕರಿಗೆ ವಹಿಸತಕ್ಕದ್ದು. ಈ ಪರೀಕ್ಷಕಿಯು ಗ್ರಾಹಕರನ್ನು ಲ್ಯಾಬಿನ ಹೊರಗೆ, ಬಿಡುವಾಗಿ, ಎಷ್ಟು ಸಲ ಬೇಕಾದರೂ ಪರೀಕ್ಷಿಸತಕ್ಕದ್ದು. ಗ್ರಾಹಕರ ಒಪ್ಪಿಗೆ ಇದೆ.'"

ಅವಳ ಕಿವಿಯವರೆಗೂ ಕೆಂಪೇರಿತು. ದೊಡ್ಡಮೇಡಂ ಮುಖದ ಒಂದು ಗೆರೆಯೂ ಕದಲಲಿಲ್ಲ.

"ಕ್ರಮ ಸರಿಯಾಗಿದೆ. ಯಾವತ್ತಿನಿಂದ ಜಾರಿ ಅಂತ ಬರೆದಿಲ್ಲ."

 ಅವನು ಪೆನ್ನನ್ನು ಅವಳ ಮುಂದೆ ಇಟ್ಟ. ಅವಳು ಪೆನ್ನು ತೆಗೆದುಕೊಂಡು ಆ ದಿನದ ತಾರೀಖನ್ನು ಬರೆದಳು. ಬರೆದು, ದೊಡ್ಡಮೇಡಂ ಇನ್ನೂ ಅಲ್ಲೇ ನಿಂತಿದ್ದಾರೆ ಎಂಬುದನ್ನೂ ಮರೆತು, ಅವನನ್ನು ಕೇಳಿದಳು.

"ಎಲ್ಲಿಗೆ ಹೋಗೋಣ?"